ಮಸೂತಿಗೆ ಸ್ವಂತ ಗಾಡಿ

ಸಿಂದಗಿಯ ಇತ್ತೀಚಿನ ಚರಿತ್ರೆಯನ್ನು ಯಾರಾದರೂ ಬರೆಯಲು ಕುಳಿತರೆ ಯುಗಾದಿಯ ಮರುದಿನ ನಡೆದ ಸಂಗತಿಯನ್ನು ಅವರು ಬಿಡುವಂತಿಲ್ಲ. ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸಾರಿಗೆ ಸಂಸ್ಥೆಯ ನಿವೃತ್ತ ಕಂಡಕ್ಟರ್ ಗುರುಲಿಂಗಪ್ಪ, ತಾನು ಕೊಳ್ಳಲಿರುವ ಕಾರಿನ ಬಣ್ಣ ಬೂದಿ ಎಂದು ಘೋಷಿಸಿದ. ಘೋಷಣೆ ನಡೆದದ್ದು ಬಸ್‌ಸ್ಟ್ಯಾಂಡಿನ ಎದುರಿನ ಚಹದಂಗಡಿಯಲ್ಲಿ. ಹಾಜರಿದ್ದವರು ಏಳು ಜನ. ಅವರಲ್ಲಿ ಇಬ್ಬರು ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಿದ್ದವರು. ವಿಷಯಕ್ಕೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ಆದ್ದರಿಂದ ಮೊದಲು ಅಭಿಪ್ರಾಯ ಕೊಟ್ಟವರೂ ಅವರೇ.

“ಬೂದಿ ಯಾಕ್ರಿ? ಬಿಳೇದು ತಗೋರಿ. ಮಾರೂ ಮುಂದ ಬೆಲಿ ಬರ್ತೈತಿ.”

“ಬಿಳೇದಕ್ಕ ಧೂಳ ಕಾಣ್ತೈತಿ,” ಎಂದ ಗುರುಲಿಂಗಪ್ಪ. “ಕರೇದಕ್ಕೂ ಕಾಣ್ತೈತಿ. ಮೂವತ್ತೆರಡ ವರ್ಷ ನಾ ಈ ಜಿಲ್ಲಾದ ಧೂಳ ಕುಡದೀನಿ. ಅದರ ಬಣ್ಣ ಬೂದಿ. ಧೂಳ ಯಾವ ಬಣ್ಣದ್ದೈತಿ, ಗಾಡೀನೂ ಅದ ಬಣ್ಣದ್ದ ಇರಬೇಕು.”

ಈ ತರ್ಕವನ್ನು ಮುರಿಯುವವರು ಆ ಅಂಗಡಿಯಲ್ಲಿ ಇರಲಿಲ್ಲ. ವಿಜಯಪುರದ ಶೋರೂಮಿನಲ್ಲಿಯೂ ಇರಲಿಲ್ಲ. ತೊಡಕು ಒಂದೇ: ಬಿಳಿ ಕಾರು ಮರುದಿನವೇ ಸಿಗುತ್ತಿತ್ತು, ಬೂದಿಯದಕ್ಕೆ ಹತ್ತು ತಿಂಗಳು ಕಾಯಬೇಕಿತ್ತು. ಗುರುಲಿಂಗಪ್ಪ ಕಾಯುತ್ತೇನೆ ಎಂದು ಸಹಿ ಹಾಕಿದ. ಕಾಯಬೇಕಾಗಿದ್ದವಳು ಅವನ ಹೆಂಡತಿ ಇಂದುಬಾಯಿ. ಅವಳನ್ನು ಯಾರೂ ಕೇಳಲಿಲ್ಲ.

ಗುರುಲಿಂಗಪ್ಪನಿಗೆ ನಿಯಮ ಎಂದರೆ ನಿಯಮ. ಇಂಡಿಯಿಂದ ಹೊರಟು ಸಿಂದಗಿ, ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ಹಾಯ್ದು ಮುದ್ದೇಬಿಹಾಳ ಮುಟ್ಟುವ ಬಸ್ಸಿನಲ್ಲಿ ಅವನ ಸೇವೆಯ ಬಹುಭಾಗ ಕಳೆದಿತ್ತು. ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂದು ಮಕ್ಕಳ ಎತ್ತರ ನೋಡುವಾಗ, ತಾಯಂದಿರು ಮಕ್ಕಳಿಗೆ ಮೊಣಕಾಲು ಮಡಚಿ ನಿಲ್ಲಲು ಕಲಿಸಿರುತ್ತಿದ್ದರು. ಗುರುಲಿಂಗಪ್ಪ ಬಗ್ಗಿ ಮೊಣಕಾಲು ನೋಡುತ್ತಿದ್ದ. ಬುಟ್ಟಿಯೊಳಗಿನ ಕೋಳಿಗೆ ಟಿಕೆಟ್ ಹರಿದಿದ್ದ. ತವರಿಗೆ ಹೊರಟ ಸ್ವಂತ ಹೆಂಡತಿಗೂ ಹರಿದಿದ್ದ. ಇಪ್ಪತ್ತೆರಡು ವರ್ಷ ಆ ಬಸ್ಸು ಓಡಿಸಿದ ಆಲಮೇಲದ ಬಾಬುಲಾಲ, “ನಮ್ಮ ಗುರುಲಿಂಗಣ್ಣ ಸತ್ತ ಮ್ಯಾಲೂ ಯಮನ ಕೋಣಕ್ಕ ಲಗೇಜ್ ಹಚ್ಚಾಂವ,” ಎನ್ನುತ್ತಿದ್ದ. ಹಾಗೆನ್ನುತ್ತ ಗುರುಲಿಂಗಪ್ಪ ಊದಿದ ಒಂದು ಸೀಟಿಗೆ ಗಾಡಿ ನಿಲ್ಲಿಸುತ್ತಿದ್ದ, ಎರಡು ಸೀಟಿಗೆ ಬಿಡುತ್ತಿದ್ದ. ಅವರಿಬ್ಬರ ಸ್ನೇಹದ ಭಾಷೆ ಬಹುತೇಕ ಆ ಸೀಟಿಯೇ ಆಗಿತ್ತು.

ಕಾರಿನ ಮೂಲ ಇದ್ದದ್ದು ಆ ಬಸ್ಸಿನಲ್ಲಿಯೇ. ಒಂಬತ್ತು ವರ್ಷದ ಹಿಂದೆ ಹೂವಿನ ಹಿಪ್ಪರಗಿಯ ಸಂತೆಯ ದಿನ ಇಂದುಬಾಯಿಯ ಅಣ್ಣ ರೇವಪ್ಪ ಬೀಜದ ಚೀಲ ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಮಸೂತಿ ಎಂಬ ಹಳ್ಳಿಯ ರೈತ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಮುದ್ದೇಬಿಹಾಳಕ್ಕೆ ಮಗಳ ಮನೆಗೆ ಹೊರಟಿದ್ದ ಇಂದುಬಾಯಿ ಮುಂದಿನ ಸೀಟಿನಲ್ಲೇ ಇದ್ದಳು. ತಂಗಿಯನ್ನು ಕಂಡು ರೇವಪ್ಪನಿಗೆ ಹುರುಪು ಬಂದಿತ್ತು.

“ಟಿಕೀಟ,” ಎಂದ ಗುರುಲಿಂಗಪ್ಪ.

“ಏ ಮಾವಾ, ತಂಗೀನ ಕೊಟ್ಟೀನಿ, ಇನ್ನ ಟಿಕೀಟಿಗೆ ಬ್ಯಾರೆ ಕೊಡಬೇಕೇನು?”

ಬಸ್ಸಿಗೆ ಬಸ್ಸೇ ನಕ್ಕಿತು. ರೇವಪ್ಪನ ಕೈ ಆಗಲೇ ಕಿಸೆಯಲ್ಲಿತ್ತು. ಎರಡನೆಯ ಸಲ ಕೇಳಿದ್ದರೆ ಕೊಡುತ್ತಿದ್ದ. ಗುರುಲಿಂಗಪ್ಪ ಎರಡನೆಯ ಸಲ ಕೇಳಲಿಲ್ಲ. ನಗುವ ಬಸ್ಸಿನಲ್ಲಿ ನಿಯಮ ಸಡಿಲಾಗುತ್ತದೆ ಎಂಬುದು ಅವನ ಅನುಭವ. ಒಂದು ಸೀಟಿ ಹಾಕಿದ. ಹೊಲದ ನಡುವೆ, ಯಾವ ಊರೂ ಅಲ್ಲದ ಕಡೆ, ಬಾಬುಲಾಲ ಗಾಡಿ ನಿಲ್ಲಿಸಿದ.

ರೇವಪ್ಪ ಇಳಿದ. ಇಳಿದವನು ಮೊದಲು ತಂಗಿಯ ಕಿಟಕಿಯ ಕಡೆ ನೋಡಿದ. ಇಂದುಬಾಯಿ ಮಡಿಲಲ್ಲಿದ್ದ ಚೀಲದ ಹಿಡಿಕೆ ನೋಡುತ್ತ ಕುಳಿತಳು. ಅವಳು ಏಳಬಹುದಿತ್ತು, ಏನಾದರೂ ಅನ್ನಬಹುದಿತ್ತು. ಅನ್ನಲಿಲ್ಲ.

“ಇನ್ನ ಮ್ಯಾಲೆ ಈ ಸರಕಾರಿ ಗಾಡಿ ಇಳದು ನನ್ನ ಬಾಗಲಿಗೆ ಬರಬ್ಯಾಡ್ರಿ,” ಎಂದು ರೇವಪ್ಪ ಕೆಳಗಿನಿಂದ ಕೂಗಿದ. “ಬರೂದಿದ್ರ ಸ್ವಂತ ಗಾಡಿ ಮ್ಯಾಲೆ ಬರ್ರಿ! ಕಂಡಕ್ಟರಕಿ ಮಾಡಿ ಅದ್ಯಾವಾಗ ತಗೋತೀರಿ, ನಾನೂ ನೋಡ್ತೇನಿ!”

ಎರಡು ಸೀಟಿ ಬಿದ್ದವು. ಗಾಡಿ ಹೊರಟಿತು.

ಇಂಥ ಮಾತುಗಳು ನಮ್ಮ ಕಡೆ ವಾರಕ್ಕೆ ನಾಲ್ಕು ಕೇಳಸಿಗುತ್ತವೆ. ಮುಂದಿನ ಹಬ್ಬಕ್ಕೆ ಹೋಳಿಗೆಯ ಜೊತೆ ಕರಗಿಯೂ ಹೋಗುತ್ತವೆ. ಆದರೆ ಈ ಮಾತು ಬಂದು ಬಿದ್ದದ್ದು ಗುರುಲಿಂಗಪ್ಪನ ಕಿವಿಗೆ. ಟಿಕೆಟ್ಟಿನ ಹಿಂದೆ ಅಚ್ಚಾದ ಸೂಚನೆಗಳನ್ನೂ ಓದಿ ಪಾಲಿಸುವ ಮನುಷ್ಯ ಅವನು. ಸ್ವಂತ ಗಾಡಿಯ ಮೇಲೆ ಬನ್ನಿ ಎಂದಿದ್ದಾನೆ. ಹಾಗಾದರೆ ಸ್ವಂತ ಗಾಡಿಯ ಮೇಲೆಯೇ ಹೋಗುವುದು. ರೇವಪ್ಪನ ಮಗ ಭೀಮಶ್ಯಾನ ಲಗ್ನದ ಪತ್ರಿಕೆ ಟಪಾಲಿನಲ್ಲಿ ಬಂತು, ಕರೆಯಲು ಮನುಷ್ಯರು ಬರಲಿಲ್ಲ. ಮನುಷ್ಯರಿಲ್ಲದ ಪತ್ರಿಕೆಗೆ ಹೋಗುವ ರೂಢಿ ಇಲ್ಲ. ಮುದ್ದೇಬಿಹಾಳದಲ್ಲಿ ಶಿಕ್ಷಕಿಯಾಗಿದ್ದ ಮಗಳು ಜಯಮಾಲಾ, “ಅಪ್ಪಾ, ಒಂದ ದಿನಕ್ಕ ಟ್ಯಾಕ್ಸಿ ಮಾಡ್ಕೊಂಡ ಹೋಗಿ ಬರ್ರಿ, ಮುಗದ ಹೋಗ್ತೈತಿ,” ಎಂದಳು. “ಸ್ವಂತ ಅಂದಾನ,” ಎಂದ ಗುರುಲಿಂಗಪ್ಪ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಓಣಿಯ ಹೆಂಗಸರು ಕಂಡ ಕಂಡ ದೇವರಿಗೆಲ್ಲ ಹೋಗಿ ಬಂದರು. ಇಂದುಬಾಯಿಗೂ ಹೇಳಿದರು: “ರೊಕ್ಕಿಲ್ಲ ರೂಪಾಯಿಲ್ಲ, ಮುಂಜಾನೆ ಹೋಗಿ ಅಣ್ಣನ ಮಾರಿ ನೋಡ್ಕೊಂಡ ಸಂಜಿಗೆ ಬಾರವಾ.” ಇಂದುಬಾಯಿ ಒಲ್ಲೆ ಎಂದಳು. ಬಸ್ಸಿನಿಂದ ಇಳಿದು ಆ ಬಾಗಿಲಲ್ಲಿ ಹೇಗೆ ನಿಲ್ಲುವುದೆಂದು ಅವಳಿಗೆ ಹೊಳೆಯಲಿಲ್ಲ.

ಅವಳಿಗೆ ಹೊಳೆದದ್ದು ಬೇರೆ. ಹೊಸ ಗಾಡಿ ಬಾಗಿಲಿಗೆ ಬಂದರೆ, ಅದು ವೈರಿಯದೇ ಆಗಿರಲಿ, ಗಾಲಿಗೆ ಒಂದು ತಂಬಿಗೆ ನೀರು ಹಾಕದೆ ಕಳಿಸುವ ಪದ್ಧತಿ ಅವಳ ತವರಿನಲ್ಲಿ ಇಲ್ಲ. ನೀರು ಹಾಕಿದ ಮೇಲೆ ಒಳಗೆ ಕರೆಯಬೇಕು. ಒಳಗೆ ಬಂದವರಿಗೆ ಚಹಾ ಕೊಡಬೇಕು. ಚಹಾ ಕೊಟ್ಟು ಕುಡಿದವರ ನಡುವೆ ಜಗಳ ಎಷ್ಟು ಹೊತ್ತು ನಿಂತೀತು? ಒಂಬತ್ತು ವರ್ಷದ ಗಂಟನ್ನು ಬಿಚ್ಚಲು ಅವಳಿಗೆ ಬೇಕಾದದ್ದು ನಾಲ್ಕು ಹೊಸ ಗಾಲಿಗಳು, ಅಷ್ಟೆ. ಆ ಗಾಲಿಗಳ ಮೇಲೆ ಕೂರಿಸುವ ಡಬ್ಬಿಯ ಬಣ್ಣದ ಬಗ್ಗೆ ಅವಳಿಗೆ ಯಾವ ಅಭಿಪ್ರಾಯವೂ ಇರಲಿಲ್ಲ.

ಬುಕ್ ಮಾಡಿದ ನಾಲ್ಕನೆಯ ತಿಂಗಳು ಶೋರೂಮಿನಿಂದ ಫೋನು ಬಂತು: ಬಿಳಿಯದು ಒಂದು ತಯಾರಿದೆ, ನಾಳೆಯೇ ಕೊಡುತ್ತೇವೆ.

“ತಗೋರಲ್ಲ,” ಎಂದಳು ಇಂದುಬಾಯಿ. “ಅಣ್ಣ ಗಾಲಿಗೆ ನೀರ ಹಾಕಾಂವ. ಗಾಲಿ ಎಲ್ಲಾದಕ್ಕೂ ಕರೇವ ಇರ್ತಾವ.”

“ಬರಸಿದ್ದು ಬೂದಿ.”

ಇಂದುಬಾಯಿ ಮತ್ತೆ ಕೇಳಲಿಲ್ಲ. ಅಣ್ಣನಿಗೆಂದು ತಂದಿಟ್ಟ ಅಂಚಿನ ಧೋತರವನ್ನು ಟ್ರಂಕಿನಿಂದ ತೆಗೆದು, ನುಸಿ ಹಿಡಿದಿಲ್ಲವೆಂದು ನೋಡಿ, ಅದೇ ಮಡಿಕೆಗೆ ಮಡಚಿ ಇಟ್ಟಳು. ಹೀಗೆ ಅವಳು ತಿಂಗಳಿಗೊಮ್ಮೆ ಮಾಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಬೂದಿ ಬಣ್ಣದ ಕಾರು ಬಂತು.

ಅಂದು ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ವಿಜಯಪುರಕ್ಕೆ ಹೋದರು. ಮೂರನೆಯವನು ಬಾಬುಲಾಲ. ಬೇರೆಯವರು ಓಡಿಸಿದರೆ ತನಗೆ ನಿದ್ದೆ ಬರುವುದಿಲ್ಲ ಎಂದು ಹೇಳಿ ಆಲಮೇಲದಿಂದ ಇಸ್ತ್ರಿ ಹಾಕಿದ ಖಾಕಿ ಅಂಗಿಯಲ್ಲೇ ಬಂದಿದ್ದ. ಗುರುಲಿಂಗಪ್ಪನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಮೂವತ್ತೆರಡು ವರ್ಷ ಅವನು ಗಾಡಿಯ ಹಿಂಬದಿಯನ್ನಷ್ಟೇ ನೋಡಿಕೊಂಡಿದ್ದ. ಇಂದುಬಾಯಿಯ ಚೀಲದಲ್ಲಿ ಧೋತರ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಅವಳ ಫೋನು ಅವಸರದಲ್ಲಿ ಮನೆಯಲ್ಲೇ ಚಾರ್ಜಿಗೆ ಉಳಿದಿತ್ತು.

ಶೋರೂಮಿನಲ್ಲಿ ಕಾರಿಗೆ ಕೆಂಪು ರೇಶಿಮೆ ಹೊದಿಸಿ, ಮೂತಿಗೆ ಹಾಸಿಗೆಯಷ್ಟು ದೊಡ್ಡ ರಿಬ್ಬನ್ನಿನ ಹೂವು ಕಟ್ಟಿದ್ದರು. ಸಂಜೀವಕುಮಾರ ಎಂಬ ಟೈ ಕಟ್ಟಿದ ಮಾರಾಟಗಾರ ಬಾಗಿಲಷ್ಟು ದೊಡ್ಡ ರಟ್ಟಿನ ಕೀಲಿಕೈ ಹೊತ್ತು ಬಂದ. ಯಾವುದೋ ವಾದ್ಯ ಮೊಳಗಿತು. ಮೇಜಿನ ಮೇಲೆ ಕೇಕು ಬಂತು. ಹತ್ತು ಜನ ಸಿಬ್ಬಂದಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ದಿನಕ್ಕೆ ಐದು ಸಲ ತಟ್ಟುವವರ ಚಪ್ಪಾಳೆ, ಲಯ ತಪ್ಪುತ್ತಿರಲಿಲ್ಲ.

“ಅವ್ವಾರ, ಈ ಬಟ್ಟೆ ನೀವ ಎಳೀರಿ,” ಎಂದ ಸಂಜೀವಕುಮಾರ.

“ಹರದೀತ?”

“ಹರಿಯೂದಿಲ್ರಿ, ಜಗ್ರಿ!”

ಇಂದುಬಾಯಿ ಜಗ್ಗಿದಳು. ರೇಶಿಮೆ ನೀರಿನಂತೆ ಜಾರಿತು. ಒಳಗಿನಿಂದ ನಮ್ಮ ಜಿಲ್ಲೆಯ ಧೂಳಿನ ಬಣ್ಣದ ಕಾರು ಹೊರಬಂತು, ಮೈಮೇಲೆ ಒಂದು ಕಣ ಧೂಳಿಲ್ಲದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯ, ಇದರಾಗ ನನ್ನ ಮಾರಿ ಕಾಣಾಕತ್ತೈತಲ್ರೀ!” ಎಂದಳು. ಬಾಬುಲಾಲ ಗಾಲಿಯನ್ನು ಕಾಲಿನಿಂದ ಒದ್ದು ನೋಡಿದ. ಅದು ಡ್ರೈವರುಗಳ ನಮಸ್ಕಾರ.

ಆಗ ಗುರುಲಿಂಗಪ್ಪನ ಫೋನು ರಿಂಗಾಯಿತು. ಹನ್ನೊಂದೂವರೆ. ಒಂಬತ್ತು ವರ್ಷದಿಂದ ಬಾರದ ಹೆಸರು ಪರದೆಯ ಮೇಲಿತ್ತು: ಭೀಮಶ್ಯಾ, ಮಸೂತಿ. ಗುರುಲಿಂಗಪ್ಪ ಚಪ್ಪಾಳೆಯಿಂದ ದೂರ, ಗಾಜಿನ ಗೋಡೆಯ ಬಳಿ ಹೋದ.

“ಮಾವಾರ, ಅಪ್ಪ ಹೋದನ್ರಿ,” ಎಂದಿತು ಆಚೆಯ ದನಿ. “ಹಾಲ ಹಿಂಡಿ ಎದ್ದ ನಿಂತಾಂವ ಎದಿ ಹಿಡ್ಕೊಂಡ ಕುಂತ. ದವಾಖಾನಿಗೆ ಒಯ್ಯಾಕೂ ಬಿಡಲಿಲ್ಲ. ನಾಲ್ಕಕ್ಕ ಮಣ್ಣು ಅನ್ನಾಕತ್ತಾರ ಹಿರ್ಯಾರು. ಅತ್ತಿ ಬರೂತನ ಎತ್ತಗೊಡಂಗಿಲ್ಲ ಅಂತ ಅವ್ವ ಕುಂತಾಳ. ಬರ್ತೀರಿಲ್ರಿ, ಮಾವಾರ? ಅತ್ತೀನ ಕರಕೊಂಡ ಬರ್ತೀರಿಲ್ಲ?”

“ಬರ್ತೀವಿ,” ಎಂದ ಗುರುಲಿಂಗಪ್ಪ.

ಗಾಜಿನಲ್ಲಿ ಅವನಿಗೆ ಹಿಂದಿನದೆಲ್ಲ ಕಾಣುತ್ತಿತ್ತು. ಇಂದುಬಾಯಿಯ ಕೈಗೆ ಪ್ಲಾಸ್ಟಿಕ್ ಚಾಕು ಕೊಟ್ಟಿದ್ದರು. ಅವಳು ಕೇಕನ್ನು ಭಕ್ಕರಿ ಮುರಿಯುವಂತೆ ಕೈಯಿಂದಲೇ ಮುರಿಯಲು ಹೋಗಿ, ಎಲ್ಲರೊಡನೆ ತಾನೂ ನಗುತ್ತಿದ್ದಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅವನು ಕೊನೆಯ ಸಲ ಯಾವಾಗ ನೋಡಿದ್ದನೆಂದು ನೆನಪಾಗಲಿಲ್ಲ.

“ಸರ್, ಬರ್ರಿ, ಫೋಟೋ!” ಎಂದು ಸಂಜೀವಕುಮಾರ ಕೂಗಿದ.

ಆ ಫೋಟೋ ಈಗಲೂ ಇದೆ. ಅದರಲ್ಲಿ ರಟ್ಟಿನ ಕೀಲಿಕೈಯ ಒಂದು ತುದಿ ಇಂದುಬಾಯಿಯ ಕೈಯಲ್ಲಿದೆ, ಇನ್ನೊಂದು ತುದಿ ಗುರುಲಿಂಗಪ್ಪನ ಕೈಯಲ್ಲಿ. ಅವಳು ಕ್ಯಾಮೆರಾ ನೋಡಿ ನಗುತ್ತಿದ್ದಾಳೆ. ಅವನು ಗೋಡೆಯ ಗಡಿಯಾರ ನೋಡುತ್ತಿದ್ದಾನೆ.

ಆಮೇಲೆ ಕಾಗದಪತ್ರಕ್ಕೆ ಒಂದು ತಾಸು ಹೋಯಿತು. ಅದಾದ ಮೇಲೆ ಸಂಜೀವಕುಮಾರ ಗುರುಲಿಂಗಪ್ಪನನ್ನು ಒಳಗೆ ಕೂರಿಸಿಕೊಂಡು ಕಾರಿನ ಗುಣಗಾನಕ್ಕೆ ತೊಡಗಿದ. “ಸರ್, ಇದಕ್ಕ ನೀವು ಬಾಯಿಲೆ ಹೇಳಿದ್ರ ಸಾಕು, ಗಾಡಿ ಕೇಳ್ತೈತಿ. ಮನಸಿನ್ಯಾಗ ಇದ್ದದ್ದ ಹೇಳ್ರಿ ನೋಡೂನು.” ಗುರುಲಿಂಗಪ್ಪ ಕಿಸೆಯ ಫೋನನ್ನು ಮುಟ್ಟಿ ನೋಡಿಕೊಂಡ. “ನಾಚ್ಕೋಬ್ಯಾಡ್ರಿ, ಸರ್,” ಎಂದ ಸಂಜೀವಕುಮಾರ.

ಹೊರಡುವ ಮೊದಲು ಡಿಕ್ಕಿಯ ಮರೆಯಲ್ಲಿ ಗುರುಲಿಂಗಪ್ಪ ಬಾಬುಲಾಲನಿಗೆ ಸುದ್ದಿ ಹೇಳಿದ. ಬಾಬುಲಾಲ ತಲೆಯ ಮೇಲೆ ಕೈ ಇಟ್ಟುಕೊಂಡ.

“ಯಾ ಅಲ್ಲಾ... ವೈನಿಗೆ ಹೇಳಿಲ್ಲೇನು?”

“ಇಲ್ಲ.”

“ನಡೀರಿ, ಈಗ ಹೇಳ್ರಿ. ಕೊಲ್ಹಾರದ ರಸ್ತಾ ಹಿಡದ್ರ ಒಂದ ತಾಸು, ನೆಟ್ಟಗ ಮಸೂತಿ. ಅಳೂದ ಇದ್ರ ದಾರ್ಯಾಗ ಅಳಲಿ.”

“ಹಂಗ ಬರಂಗಿಲ್ಲ, ಬಾಬುಲಾಲ. ಹೊಸ ಗಾಡಿ. ಇನ್ನೂ ಕಾಯಿ ಒಡದಿಲ್ಲ. ಮೊದಲನೇ ಮಾತ ಸಾವಿನ ಮಾತ ಆಗಬಾರದು, ಮೊದಲನೇ ಅಂಗಳ ಸಾವಿನ ಅಂಗಳ ಆಗಬಾರದು. ಬಾಗೇವಾಡಿ ಮ್ಯಾಲೆ ಹೋಗೂನು. ಅಲ್ಲಿ ಕಾಯಿ ಒಡದು, ಗುಡಿ ಮುಂದ ಕುಂದ್ರಿಸಿ, ಆಕಿಗೆ ಹೇಳ್ತೇನಿ.”

“ತಡಾ ಆತಂದ್ರ?”

“ಆಗಂಗಿಲ್ಲ.” ಗುರುಲಿಂಗಪ್ಪ ಬೆರಳು ಮಡಚಿದ. “ಒಂದಕ್ಕ ಬಿಟ್ರ ಎರಡಕ್ಕ ಬಾಗೇವಾಡಿ. ಅರ್ಧಾ ತಾಸು ಪೂಜಿ. ಮೂರೂ ಕಾಲಕ್ಕ ಮಸೂತಿ. ಮುಕ್ಕಾಲ ತಾಸು ಉಳೀತೈತಿ.”

ಬಾಬುಲಾಲ ಅವನ ಮುಖವನ್ನೇ ನೋಡಿದ. ಇಪ್ಪತ್ತೆರಡು ವರ್ಷ ಈ ಮನುಷ್ಯನ ವೇಳಾಪಟ್ಟಿ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದಿಲ್ಲ. ಸ್ಟಿಯರಿಂಗಿನ ಹಿಂದೆ ಹೋಗಿ ಕುಳಿತ. ದಾರಿಯಲ್ಲಿ ಭೀಮಶ್ಯಾನ ಫೋನು ಬಂದು ಗುಟ್ಟು ಒಡೆದೀತೆಂದು ಗುರುಲಿಂಗಪ್ಪ ತನ್ನ ಫೋನಿನ ದನಿ ತೆಗೆದು ಕಿಸೆಗೆ ಹಾಕಿದ.

ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಜೊತೆಯಾಗಿ ಕುಳಿತರು. ಮೂವತ್ತಾರು ವರ್ಷದ ಸಂಸಾರದಲ್ಲಿ ಒಂದೇ ಗಾಡಿಯಲ್ಲಿ ಎಷ್ಟೋ ಸಲ ಹೋಗಿದ್ದರು. ಅವಳು ಕುಳಿತಿರುತ್ತಿದ್ದಳು, ಅವನು ನಿಂತಿರುತ್ತಿದ್ದ. ಬಾಬುಲಾಲ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಹೋದಾಗ ಇಂದುಬಾಯಿ ತಡೆದಳು.

“ಇರಲಿ ಬಿಡ್ರಿ ಬಾಬುಲಾಲಣ್ಣಾ. ರಿಬ್ಬನ್ನೂ ಇರಲಿ. ಅಣ್ಣ ನೋಡ್ಲಿ, ಬಾಡಿಗೀದಲ್ಲ ಅಂತ ಗೊತ್ತಾಗ್ಲಿ.”

ಹೊಲಗಳಲ್ಲಿ ಬಿಳಿಜೋಳ ತೆನೆ ಹಿರಿದಿತ್ತು. ಇಂದುಬಾಯಿ ಕಿಟಕಿಯನ್ನು ಒಮ್ಮೆ ಇಳಿಸಿದಳು, ಒಮ್ಮೆ ಏರಿಸಿದಳು. ಆಮೇಲೆ ಮುಖ್ಯ ವಿಷಯಕ್ಕೆ ಬಂದಳು.

“ಮೊದಲ ನಾ ಇಳೀಲ್ಯೊ, ನೀವ ಇಳೀತೀರ್ಯೊ?”

“ನೀನ ಇಳಿ.”

“ಅಲ್ಲ, ಇಳೀಬಾರದು. ಆಂವ ನೀರ ತರೂತನ ಇಬ್ರೂ ಒಳಗ ಕುಂದ್ರೂನು. ನೀವ ಮಾತ್ರ ಅಂವಾ ಏನಂದ್ರೂ ಸುಮ್ನಿರಬೇಕ್ರಿ. ಮೊದಲ ಬೈತಾನ. ‘ಬಂದ್ಯಾ ಕಂಡಕ್ಟ್ರಾ’ ಅಂತಾನ. ಬೈಯಾಕ ಬಿಡ್ರಿ. ಒಂಬತ್ತ ವರ್ಷದ್ದ ಐತಿ, ಹೊಟ್ಯಾಗಿನ್ದ ಹೊರಗ ಬರಬೇಕಲ್ಲ.”

“ಹೂಂ.”

“ನಾ ಏನ ಅನ್ಲಿ? ‘ಅಣ್ಣಾ, ಅವತ್ತ ನಾ ಬಸ್ಸಿನ್ಯಾಗ ಬಾಯಿ ಬಿಡಲಿಲ್ಲ, ನನ್ದ ತಪ್ಪಾತು’ ಅಂತೇನಿ. ಗಾಡಿ ಇಳದ ಕೂಡ್ಲೆ ಅನ್ಲ್ಯೊ, ಚಾ ಕುಡದ ಮ್ಯಾಲೆ ಅನ್ಲ್ಯೊ?”

ಕನ್ನಡಿಯಲ್ಲಿ ಬಾಬುಲಾಲನ ಕಣ್ಣು ಗುರುಲಿಂಗಪ್ಪನ ಮೇಲಿತ್ತು. ಕಿಸೆಯಲ್ಲಿ ಫೋನು ಕೀಟದ ಹಾಗೆ ಗುರ್ ಎಂದು ನಡುಗಿತು, ನಿಂತಿತು. ಮತ್ತೆ ನಡುಗಿತು.

“ಯಾಕ್ರಿ, ಮಾರಿ ಸಣ್ಣ ಮಾಡೀರಿ?” ಎಂದಳು ಇಂದುಬಾಯಿ. “ಬಣ್ಣ ಒಂದ ಸ್ವಲ್ಪ ಹೆಚ್ಚು ಕಡಿಮಿ ಆಗೈತೇನು?”

“ಬಣ್ಣ ಬರೋಬರಿ ಐತಿ.”

ಬಾಗೇವಾಡಿಯ ಗುಡಿಯ ಮುಂದೆ ಎರಡು ಗಂಟೆಗೆ ಸರಿಯಾಗಿ ಕಾರು ನಿಂತಿತು. ವೇಳಾಪಟ್ಟಿ ಅಲ್ಲಿಯವರೆಗೆ ಸರಿಯಿತ್ತು. ಆದರೆ ಸೋಮವಾರ, ಅವರಿಗಿಂತ ಮುಂದೆ ಎರಡು ಮೋಟರ್‌ಸೈಕಲ್ಲು, ಒಂದು ಟ್ರ್ಯಾಕ್ಟರು, ಮನೆಯಷ್ಟೆತ್ತರದ ಒಂದು ಕಬ್ಬು ಕಡಿಯುವ ಯಂತ್ರ ಪೂಜೆಗೆ ನಿಂತಿದ್ದವು. ಗಾಡಿ ಪೂಜೆ ಮಾಡುವವರು ಊಟಕ್ಕೆ ಹೋಗಿದ್ದರು. ಅವರು ಬಂದಾಗ ಎರಡೂ ಮುಕ್ಕಾಲು. ಕಬ್ಬಿನ ಯಂತ್ರದವರು ಹದಿನೆಂಟು ಜನ ಬಂದಿದ್ದು, ಪ್ರತಿಯೊಬ್ಬರೂ ಒಂದೊಂದು ಕಾಯಿ ಒಡೆಯಬೇಕೆಂಬ ಹರಕೆ ಇತ್ತು.

“ನಾ ಕಾಯ್ತಾ ನಿಂದರ್ತೇನಿ, ನೀವ ಹೇಳ್ರಿ ವೈನಿಗೆ,” ಎಂದು ಬಾಬುಲಾಲ ಕಿವಿಯ ಹತ್ತಿರ ಬಂದು ಹೇಳಿದ.

“ಪಾಳಿ ಬರಲಿ.”

“ಪಾಳಿ ಸುಡ್ಲಿ, ಗುರುಲಿಂಗಣ್ಣಾ! ಇದ ಬಸ್ಸಲ್ಲ!”

ಇಪ್ಪತ್ತೆರಡು ವರ್ಷದಲ್ಲಿ ಬಾಬುಲಾಲ ಅವನಿಗೆ ದನಿ ಏರಿಸಿದ್ದು ಇದೇ ಮೊದಲು. ಗುರುಲಿಂಗಪ್ಪ ಕಾರಿನ ಕಡೆ ತಿರುಗಿ ಎರಡು ಹೆಜ್ಜೆ ಹಾಕಿದ. ಇಂದುಬಾಯಿ ಪಕ್ಕದ ಟ್ರ್ಯಾಕ್ಟರಿನ ಹೆಂಗಸಿಗೆ, “ಇಲ್ಲಿಂದ ನೆಟ್ಟಗ ನನ್ನ ತವರಮನಿಗ್ರಿ,” ಎಂದು ಹೇಳುತ್ತಿದ್ದಳು. ಆ ಹೆಂಗಸು, “ಪುಣ್ಯೇವಂತಿ ಬಿಡವಾ ನೀ,” ಎನ್ನುತ್ತಿದ್ದಳು. ಅವನು ತಿರುಗಿ ಬಂದು ಪಾಳಿಯಲ್ಲಿ ನಿಂತ.

ಅವರ ಪಾಳಿ ಬಂದದ್ದು ಮೂರೂ ಮುಕ್ಕಾಲಿಗೆ. ಕಾಯಿ ಒಡೆಯಿತು, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಯಿತು. ಈಗ ಹೇಳಲು ಅಡ್ಡಿ ಇರಲಿಲ್ಲ. ಆದರೆ ಈಗ ಹೊತ್ತಿರಲಿಲ್ಲ. ಗುಡಿಯ ಮುಂದೆ ಕೂರಿಸಿ ಹೇಳುವ ಅರ್ಧ ತಾಸನ್ನು ಕಬ್ಬಿನ ಯಂತ್ರ ನುಂಗಿತ್ತು. ಕಾರಿನಲ್ಲಿ ಹೇಳಿದರಾಯಿತು ಎಂದು ಹತ್ತಿದ. ಕಾರಿನಲ್ಲಿ ಇಂದುಬಾಯಿ ತೆಂಗಿನ ಹೋಳು ಮುರಿದು ಅವನ ಬಾಯಿಗೆ ಇಟ್ಟಳು.

ಬಾಬುಲಾಲ ಆ ದಾರಿಯಲ್ಲಿ ಗಾಡಿ ಓಡಿಸಿದ ರೀತಿಯನ್ನು ಅವನ ಸೇವಾ ದಾಖಲೆಯಲ್ಲಿ ಬರೆಯುವಂತಿರಲಿಲ್ಲ. ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳ ಹೊಗೆ ಕಾಣತೊಡಗಿದಾಗ ಇಂದುಬಾಯಿ ಕನ್ನಡಿ ಇಲ್ಲದೆಯೇ ಕುಂಕುಮ ಸರಿಮಾಡಿಕೊಂಡಳು. ಊರಿಗೆ ಒಂದು ಕಿಲೋಮೀಟರು ಇದ್ದಾಗ ಗುರುಲಿಂಗಪ್ಪ ಬಾಯಿ ತೆರೆದ.

“ಇಂದೂ, ನಿನಗೊಂದ ಮಾತ ಹೇಳಬೇಕಿತ್ತು.”

“ಹೇಳ್ರಿ.”

ಅಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಜನ ಬಂದರು. ಹೊಲದ ಕಡೆಯಿಂದ ತಲೆಗೆ ವಲ್ಲಿ ಸುತ್ತಿಕೊಂಡು, ಒದ್ದೆ ಪಂಜೆಯಲ್ಲಿ ಬರುತ್ತಿದ್ದರು. ಕೆಲವರ ಹೆಗಲ ಮೇಲೆ ಸಲಿಕೆ. ಭಜನೆಯವರ ತಾಳಗಳು ಬಗಲಲ್ಲಿ ಸುಮ್ಮನಿದ್ದವು. ಮುಂದಿದ್ದ ಮುದುಕ ರಿಬ್ಬನ್ ಕಟ್ಟಿದ ಕಾರನ್ನು ನೋಡಿ ನಿಂತ, ಬಗ್ಗಿ ಒಳಗೆ ನೋಡಿದ.

“ಇಂದವ್ವಾ? ಈಗ ಬಂದ್ಯೇನವಾ?” ಎಂದ. “ನಾಲ್ಕರತನ ನಿನ್ನ ಸಲುವಾಗೇ ಕುಂಡ್ರಿಸಿದ್ವಿ. ಯಾರೂ ಫೋನ ಎತ್ತಲಿಲ್ಲ. ಇನ್ನೂ ಆ ಬಸ್ಸಿನ ಸಿಟ್ಟ ಹೋಗಿಲ್ಲ, ಬರಂಗಿಲ್ಲ ಅಂತ ತಿಳಕೊಂಡು ಮಣ್ಣ ಕೊಟ್ವಿ.”

ಇಂದುಬಾಯಿಗೆ ತಿಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳುವುದು ಕಷ್ಟ. “ಯಾರ್ನ?” ಎಂದು ಒಂದು ಸಲ ಕೇಳಿದಳು. ಅವಳು ಬಾಗಿಲು ತೆಗೆಯಲು ಹಿಡಿಕೆಗೆ ತಡಕಾಡಿದಳು. ಹೊಸ ಗಾಡಿ, ಎಲ್ಲಿ ಒತ್ತಬೇಕೆಂದು ಗೊತ್ತಾಗಲಿಲ್ಲ. ಬಾಬುಲಾಲ ಇಳಿದು ಬಂದು ತೆಗೆದ.

ಅಂಗಳದಲ್ಲಿ ರೇವಪ್ಪನ ಹೆಂಡತಿ ಸಿದ್ದವ್ವ ಹೆಂಗಸರ ನಡುವೆ ಗೋಡೆಗೆ ಆತು ಕುಳಿತಿದ್ದಳು. ಇಂದುಬಾಯಿ ಹೋಗಿ ಅವಳ ಮುಂದೆ ಕುಸಿದಳು. ಸಿದ್ದವ್ವ ಅತ್ತು ಅತ್ತು ಒಣಗಿದ ದನಿಯಲ್ಲಿ ಮಾತಾಡಿದಳು. ಅದರಲ್ಲಿ ಬೈಗುಳ ಇರಲಿಲ್ಲ, ಅದೇ ಕೇಳಲಾಗದಂತಿತ್ತು.

“ಹನ್ನೊಂದೂವರಿಗೆ ಹೇಳಿಸಿದ್ದೆ, ಇಂದವ್ವ. ‘ಬರ್ತೀವಿ’ ಅಂದ್ರಂತ ನಿಮ್ಮ ಮನ್ಯಾಗಿನವರು. ಮತ್ತ ಹದಿನಾಲ್ಕ ಸಲ ಹಚ್ಚಿದ ಹುಡುಗ. ಎತ್ತಲಿಲ್ಲ. ನಾನ ಅಂದೆ, ಸಿಟ್ಟ ಇದ್ರ ಇರವಲ್ದ್ಯಾಕ, ಇನ್ನ ಮಣ್ಣಿಗೆ ಎತ್ತರಿ ಅಂದೆ.”

ಇಂದುಬಾಯಿ ತಲೆಯೆತ್ತಿ ಗಂಡನನ್ನು ನೋಡಿದಳು. ಗುರುಲಿಂಗಪ್ಪ ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ.

“ಹನ್ನೊಂದೂವರಿಗೆ ಗೊತ್ತಿತ್ತೇನ್ರಿ?”

“ಮೂರೂ ಕಾಲಕ್ಕ ಮುಟ್ಟೂ ಲೆಕ್ಕ ಇತ್ತು,” ಎಂದ ಗುರುಲಿಂಗಪ್ಪ.

“ಕೇಕ ಕೊಯ್ಯೂ ಮುಂದ ಗೊತ್ತಿತ್ತು.”

“ಕಾಯಿ ಒಡದ ಮ್ಯಾಲೆ ಹೇಳಬೇಕಂತ...”

“ಇಡೀ ದಾರಿ ನಾ ಏನ ಅನ್ನಬೇಕಂತ ಕೇಳ್ಕೋಂತ ಬಂದ್ನಿ,” ಎಂದಳು ಇಂದುಬಾಯಿ. “ಚಾ ಕುಡದ ಮ್ಯಾಲೆ ಅನ್ಲೇನು ಅಂತ ಕೇಳಿದ್ನಿ. ನೀವು ಕೇಳ್ಕೋಂತ ಕುಂತ್ರಿ.”

ಅವಳ ದನಿ ಏರಲಿಲ್ಲ. ಅವಳು ಸಿದ್ದವ್ವನ ಕಡೆ ತಿರುಗಿಕೊಂಡಳು. ಸಿದ್ದವ್ವ ಅವಳ ಕೈ ಹಿಡಿದು ಅಂಗಳದ ಒಂದು ಮೂಲೆ ತೋರಿಸಿದಳು. ಅಲ್ಲಿ ಚೌಕಾಕಾರದ ಹೊಸ ಮಣ್ಣಿನ ಗುರುತಿತ್ತು.

“ಅಲ್ಲೊಂದ ಅರಿವಿ ಒಗ್ಯೂ ಕಲ್ಲ ಇತ್ತಲ್ಲ, ನಿಮ್ಮವ್ವನ ಕಾಲದ್ದು. ಕಾರ ಬುಕ್ ಮಾಡ್ಯಾರ ಅಂತ ಸಂತ್ಯಾಗ ಸುದ್ದಿ ಕೇಳಿದಾಂವ, ಹೋದ ತಿಂಗಳ ನಾಲ್ಕ ಆಳ ಹಚ್ಚಿ ಕೀಳಿಸಿದ. ‘ಯಾಕ’ ಅಂದ್ನಿ. ‘ದೊಡ್ಡ ಗಾಡಿ ಅಂತ, ತಿರುಗಾಕ ಜಾಗಾ ಬೇಕಲ್ಲ’ ಅಂದ. ‘ಹಂಗಾರ ನೀರ ಹಾಕ್ತೀಯೇನು’ ಅಂದ್ನಿ. ‘ನಾ ಯಾಕ ಹಾಕಲಿ ಆ ಕಂಡಕ್ಟರಗ’ ಅಂದ. ದಿನಾ ಮುಂಜಾನೆ ಮಾತ್ರ ಅಂಗಳ ತಾನ ಉಡಗಾಂವ.”

ಹೊರಗೆ ಕಾರಿನ ಸುತ್ತ ಏಳೆಂಟು ಜನ ಸೇರಿದ್ದರು. ಸಾವಿಗೆ ಬಂದವರು ಒಂದಷ್ಟು ಹೊತ್ತು ನೆಲ ನೋಡಿ ಸುಮ್ಮನಿರುತ್ತಾರೆ. ಆಮೇಲೆ ಕಣ್ಣಿಗೆ ಬೇರೆ ಏನಾದರೂ ಬೇಕಾಗುತ್ತದೆ. ಒಬ್ಬ ರಿಬ್ಬನ್ನನ್ನು ಮುಟ್ಟಿ ನೋಡಿದ. ಇನ್ನೊಬ್ಬ ದನಿ ತಗ್ಗಿಸಿ ಬಾಬುಲಾಲನನ್ನು ಕೇಳಿದ:

“ಆವರೇಜ್ ಎಷ್ಟ ಕೊಡ್ತೈತ್ರಿ?”

ಬಾಬುಲಾಲ ರಿಬ್ಬನ್ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಹರಿದ.

ಗುರುಲಿಂಗಪ್ಪ ಭೀಮಶ್ಯಾನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟ. ಭೀಮಶ್ಯಾ ಮೆಲ್ಲನೆ ಸರಿದುಕೊಂಡ; ಸಿಟ್ಟಿನಿಂದಲ್ಲ, ಯಾರೋ ಕರೆದಂತೆ. ಗುರುಲಿಂಗಪ್ಪನ ಕೈ ಒಂದಷ್ಟು ಹೊತ್ತು ಗಾಳಿಯಲ್ಲಿಯೇ ಉಳಿಯಿತು. ಅವನು ಕಿಸೆಯಿಂದ ಫೋನು ತೆಗೆದು ನೋಡಿದ. ಸಿದ್ದವ್ವ ಹೇಳಿದ ಲೆಕ್ಕ ಸರಿಯಿತ್ತು, ಹದಿನಾಲ್ಕು. ಕೊನೆಯದು ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಬಂದದ್ದು.

ಹೊತ್ತು ಮುಳುಗುವ ಮುನ್ನ ಬಾಬುಲಾಲ, “ನಡೀರಿ ವೈನಿ,” ಎಂದು ಕರೆದ. ಇಂದುಬಾಯಿ ಚೀಲದಿಂದ ರೊಟ್ಟಿ ಹೋಳಿಗೆ ತೆಗೆದು ಸಿದ್ದವ್ವನ ಸೊಸೆಯ ಕೈಗೆ ಕೊಟ್ಟಳು. ಧೋತರವನ್ನು ಅಣ್ಣನನ್ನು ಕೂರಿಸಿದ್ದ ಜಾಗದಲ್ಲಿ, ದೀಪದ ಪಕ್ಕ ಇಟ್ಟಳು. “ನಾ ಇಲ್ಲೇ ಇರ್ತೇನಿ, ಬಾಬುಲಾಲಣ್ಣಾ. ಅವರ್ನ ಕರಕೊಂಡ ಹೋಗ್ರಿ,” ಎಂದಳು. ಗಂಡನ ಕಡೆ ನೋಡಲಿಲ್ಲ.

ಇದಾಗಿ ಎಂಟು ತಿಂಗಳಾಯಿತು. ಇಂದುಬಾಯಿ ಹನ್ನೊಂದು ದಿನ ಮಸೂತಿಯಲ್ಲಿದ್ದು, ಅಲ್ಲಿಂದ ಮುದ್ದೇಬಿಹಾಳಕ್ಕೆ ಜಯಮಾಲಾಳ ಮನೆಗೆ ಹೋದಳು. ಗುರುಲಿಂಗಪ್ಪ ಎರಡು ಸಲ ಕರೆಯಲು ಹೋದ. ಎರಡು ಸಲವೂ ಅವಳು ಉಣ್ಣಲು ಬಡಿಸಿ, ಬರುವುದಿಲ್ಲ ಎಂದಳು. ಈಗ ಅವನು ಸಿಂದಗಿಯಲ್ಲಿದ್ದಾನೆ, ಅವಳು ಮುದ್ದೇಬಿಹಾಳದಲ್ಲಿದ್ದಾಳೆ. ಕಾರು ಅವನ ಮನೆಯ ಮುಂದೆ ನಿಂತಿದೆ; ಅದರ ಮೇಲೆ ಕುಳಿತ ಧೂಳು ಕಾಣುವುದಿಲ್ಲ.